ಮೂರನೆಯ ಬೆರಳಚ್ಚು

ಮಾಧವರಂ ಮಹಿಳಾ ಪೊಲೀಸ್ ಠಾಣೆಯ ಮುಂದೆ ಆಟೋ ಬಂದು ನಿಂತಾಗ ಬುಧವಾರ ಬೆಳಿಗ್ಗೆ ಏಳೂವರೆ. ಇಳಿದವರು ಜಾನಕಮ್ಮ. ಬಿಳಿ ಸೀರೆಯ ಸೆರಗಿನ ತುಂಬ ರಕ್ತ. ಪಹರೆಯಲ್ಲಿದ್ದ ಕಾನ್‌ಸ್ಟೇಬಲ್ ಎಳಿಲರಸಿ ಓಡಿಬಂದು ತೋಳು ಹಿಡಿದರೆ, "ನನಗೇನೂ ಆಗಿಲ್ಲ, ಇದು ನನ್ನದಲ್ಲ" ಎಂದು ತಮಿಳಿನಲ್ಲಿ ಹೇಳುತ್ತ ನೇರವಾಗಿ ಇನ್‌ಸ್ಪೆಕ್ಟರ್ ಕೋಣೆಗೆ ನಡೆದರು.

ಇನ್‌ಸ್ಪೆಕ್ಟರ್ ರಂಜನಿಗೆ ಅವರು ಹೊಸಬರಲ್ಲ. ಗಂಡನ ಹೊಡೆತಕ್ಕೆ ಹೆದರಿ ಮನೆಬಿಟ್ಟ ಹೆಂಗಸರಿಗೆ ಆಸರೆ ಕೊಡುವ 'ನಿಳಲ್' ಸಂಸ್ಥೆಯನ್ನು ಕಟ್ಟಿದವರು ಜಾನಕಮ್ಮ. ನಿಳಲ್ ಎಂದರೆ ತಮಿಳಿನಲ್ಲಿ ನೆರಳು. ಊರಿನ ನಾಲ್ಕು ಮೂಲೆಯಲ್ಲಿ ಅದರ ನಾಲ್ಕು ಮನೆಗಳಿದ್ದವು. ಯಾವ ಮನೆಗೂ ಬೋರ್ಡಿಲ್ಲ, ಯಾವ ಕಾಗದದಲ್ಲೂ ವಿಳಾಸವಿಲ್ಲ. ಯಾವ ಹೆಂಗಸು ಯಾವ ಮನೆಯಲ್ಲಿದ್ದಾಳೆ ಎಂಬುದು ಠಾಣೆಯವರಿಗೂ ಕೇಳದೆ ತಿಳಿಯುತ್ತಿರಲಿಲ್ಲ. ರಂಜನಿಯೂ ಜಾನಕಮ್ಮನೂ ಮದರಾಸಿನಲ್ಲೇ ಮೂರು ತಲೆಮಾರು ಕಳೆದ ಕನ್ನಡ ಮನೆಗಳವರು. ಹಾಗಾಗಿ ಇಬ್ಬರೇ ಇದ್ದಾಗ ತಮಿಳು ಬೆರೆತ ಆ ಮನೆಮಾತೇ ಬಾಯಿಗೆ ಬರುತ್ತಿತ್ತು.

"ನಮ್ಮ ಇಲ್ಲಿನ ಮನೇಲಿದ್ದ ಶ್ರೀಪ್ರಿಯಾನ ಹೊಡೆದುಬಿಟ್ಟ, ರಂಜನಿ. ಅವಳ ಗಂಡ. ಹಾಲಿನ ಬೂತ್ ತಿರುವಲ್ಲಿ."

"ಉಸಿರಿದೆಯಾ?"

"ಇದೆ. ಆಸ್ಪತ್ರೆಗೆ ಸೇರಿಸಿಯೇ ಬಂದೆ. ತಲೆ ಒಡೆದಿದೆ. ಬಲಗಣ್ಣು ಹೇಳಕ್ಕಾಗಲ್ಲ ಅಂತಾರೆ ಡಾಕ್ಟರ್."

"ಮಗು?"

"ಪಕ್ಕದಲ್ಲೇ ನಿಂತಿತ್ತು. ಎಲ್ಲಾ ನೋಡಿತು. ನಾನು ಓಡಿಹೋಗಿ ಎತ್ತಿಕೊಂಡು ಒಳಗೆ ಬಂದು ಕದ ಹಾಕ್ದೆ." ಜಾನಕಮ್ಮ ನೀರು ಕುಡಿದು ಲೋಟ ಇಟ್ಟರು. "ಹೊಡೆದವನು ಯಾರು ಅಂತ ನನಗೆ ಗೊತ್ತು. ನಾನು ಬಂದಿರೋದು ಬೇರೆಯದಕ್ಕೆ. ಅವನಿಗೆ ಮನೆ ತೋರಿಸಿದ್ದು ಯಾರು? ನಮ್ಮೊಳಗಿನವರೇ ಯಾರೋ ಮಾಡಿದಾರೆ. ಅದನ್ನ ಕಂಡುಹಿಡಿ. ಇಲ್ಲಾಂದ್ರೆ ನಾಳೆಯಿಂದ ನಾನು ಯಾವ ಹುಡುಗಿಗೆ, ಬಾಮ್ಮ, ಇಲ್ಲಿ ಭಯ ಇಲ್ಲ ಅಂತ ಹೇಳ್ಲಿ?"

ಎಫ್‌ಐಆರ್ ದಾಖಲಾಯಿತು. ಕೊಲೆಯತ್ನಕ್ಕೆ ಒಂದು ಕಲಂ, ಗುಪ್ತ ಮಾಹಿತಿಯನ್ನು ಅನುಮತಿಯಿಲ್ಲದೆ ತೆಗೆದು ಹೊರಗೆ ಕೊಟ್ಟಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಇನ್ನೊಂದು ಕಲಂ. ಬೂತಿನ ತಿರುವಿನಲ್ಲಿ ಪಂಚನಾಮೆ ಮಾಡಿದಾಗ ಸಿಕ್ಕಿದ್ದು ಅಂಗಡಿ ಬಾಗಿಲೆಳೆಯುವ ಕಬ್ಬಿಣದ ಕೊಕ್ಕೆ, ಒಡೆದ ಹಾಲಿನ ಪೊಟ್ಟಣ, ಮಗುವಿನ ಒಂದು ಚಪ್ಪಲಿ. ಡೇರಿಯ ವ್ಯಾನುಗಳು ನೆಲದ ರಕ್ತವನ್ನು ಸುತ್ತುಹಾಕಿಕೊಂಡು ಎಂದಿನಂತೆ ಓಡಾಡುತ್ತಿದ್ದವು.

ಗಂಡ ಹರಿದಾಸ ದೂರ ಹೋಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಪಕ್ಕದ ಠಾಣೆಯಿಂದ ನೆರವಿಗೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ತಂಗವೇಲು ಅವನನ್ನು ಮಾಧವರಂ ಬಸ್ ನಿಲ್ದಾಣದಲ್ಲಿ, ತಿರುಪತಿಗೆ ಹೊರಟ ಬಸ್ಸಿನೊಳಗೆ ಹಿಡಿದ. ಮಂಡ್ಯದ ಕಡೆಯವನು. ಪೆರುಂಗುಡಿಯ ಐಟಿ ಕಂಪನಿಗಳಿಗೆ ಕ್ಯಾಬ್ ಬಿಡುವ ಸಂಸ್ಥೆಯೊಂದರಲ್ಲಿ ಮೇಲ್ವಿಚಾರಕ. ಅಂಗಿ ಬದಲಿಸಿದ್ದ, ಹಣೆಗೆ ಕುಂಕುಮ ಹಚ್ಚಿಕೊಂಡಿದ್ದ. ಹೊಡೆದದ್ದನ್ನು ಒಪ್ಪಿಕೊಳ್ಳಲು ಐದು ನಿಮಿಷವೂ ಬೇಕಾಗಲಿಲ್ಲ.

"ಮಗೀನ ನೋಡಕ್ಕೆ ಹೋಗಿದ್ದೆ. ಅವ್ಳು ಕಿರುಚುದ್ಲು. ಕೈ ಎದ್ಬುಡ್ತು."

"ಕೊಕ್ಕೆ ಮಗೀಗೆ ತಗೊಂಡೋಗಿದ್ಯಾ?" ರಂಜನಿ ಕೇಳಿದಳು.

ಅವನು ತಲೆ ತಗ್ಗಿಸಿದ.

"ಮನೆ ಯಾರು ತೋರಿಸಿದ್ರು?"

"ಚಾಮುಂಡಿಗೆ ಹರಕೆ ಕಟ್ಕಂಡಿದ್ದೆ, ಅವ್ಳೂ ನನ್ನ ಕೈಬುಟ್ಲು. ಆ ತಾಯಿ ಒಬ್ರೇ ನನ್ನ ಮಾತು ಕೇಳುದ್ದು. ಅವ್ರ ಹೆಸ್ರು ನಾನು ಹೇಳಕ್ಕಿಲ್ಲ. ಏನಾರ ಮಾಡ್ಕಳಿ."

ಎಳಿಲರಸಿಗೆ ಕನ್ನಡ ಅರೆಬರೆ ತಿಳಿಯುತ್ತಿತ್ತು. ಹೊರಗೆ ಬಂದಮೇಲೆ ಅವಳು, "ಸಾಮಿ ತೋರಿಸಿತು ಅಂತ ನಾಟಕ ಆಡ್ತಾನೆ, ಮೇಡಂ" ಎಂದು ಮೂಗು ಮುರಿದಳು.

ರಂಜನಿ ಗಮನಿಸಿದ್ದು ಬೇರೆ. ಚಾಮುಂಡಿಯನ್ನು 'ಅವಳು' ಎಂದವನು, ಮರುಗಳಿಗೆಯಲ್ಲೇ ಆ ತಾಯಿಯನ್ನು 'ಅವರು' ಎಂದಿದ್ದ. ಈ ತಾಯಿ ದೇವಿಯಲ್ಲ, ಎಲ್ಲೋ ಒಂದು ಮನೆಯಲ್ಲಿರುವ ವಯಸ್ಸಾದ ಹೆಂಗಸು. ಅವನ ಫೋನಿನ ಕರೆಗಳನ್ನು ತರಿಸಿ ನೋಡಿದರೆ ಅಂಥ ಯಾವ ಹೆಂಗಸಿನ ನಂಬರೂ ಇರಲಿಲ್ಲ. ಮಾತು ನಡೆದಿದ್ದರೆ ಎದುರೆದುರೇ ನಡೆದಿರಬೇಕು.

ಮಾರನೆಯ ದಿನ ರಂಜನಿ ಪೆರುಂಗುಡಿಗೆ ಹೋದಳು. ನಿಳಲ್‌ನ ದಾಖಲೆಗಳನ್ನೆಲ್ಲ ಇಡುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದ ವರುಣ್ ಅಲ್ಲಿನ ಒಂದು ಕಂಪನಿಯಲ್ಲಿ ಇಂಜಿನಿಯರ್. ಮೈಸೂರಿನ ಹುಡುಗ, ಬಿಡುವಿನಲ್ಲಿ ನಿಳಲ್‌ಗೆ ದುಡಿಯುತ್ತಿದ್ದ. ಎಲ್ಲ ದಾಖಲೆಯನ್ನೂ ನೋಡುವ ಅಧಿಕಾರ ಅವನಿಗಿದ್ದುದರಿಂದ ರಂಜನಿಯ ಮೊದಲ ಅನುಮಾನವೂ ಅವನ ಮೇಲೆಯೇ ಇತ್ತು. ಅವನೇ ಕಂಪ್ಯೂಟರ್ ತಿರುಗಿಸಿ ತೋರಿಸಿದ.

"ಶ್ರೀಪ್ರಿಯಾ ಅವರ ದಾಖಲೆಯನ್ನ ಆ ವಾರ ತೆರೆದವರು ಒಬ್ಬರೇ, ಮೇಡಂ. ಎಲ್ಲಾ ಸಲವೂ ಮೌನ ಅನ್ನೋರು. ಅವರ ಕೌನ್ಸೆಲರ್."

"ಮೌನಳ ಪಾಸ್‌ವರ್ಡ್ ಬೇರೆ ಯಾರಿಗಾದ್ರೂ ಗೊತ್ತಿರಬಹುದಲ್ಲ?"

"ಪಾಸ್‌ವರ್ಡೇ ಇಲ್ಲ. ಮುಂಚೆ ಇತ್ತು. ಎಲ್ಲರಿಗೂ ಸೇರಿ ಒಂದೇ, ಅದನ್ನೂ ಆಫೀಸಿನ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ರು. ಅದು ನೋಡಿ ಗಾಬರಿಯಾಗಿ ನಾನೇ ತೆಗೆಸಿ ಪಾಸ್‌ಕೀ ಹಾಕಿಸಿದೆ."

"ನನಗೆ ತಿಳಿಯೋ ಹಾಗೆ ಹೇಳಿ."

ವರುಣ್ ತನ್ನ ಫೋನನ್ನು ಮೇಜಿನ ಮೇಲಿಟ್ಟ. "ಒಬ್ಬೊಬ್ಬರ ಫೋನಿನ ಒಳಗೂ ಒಂದು ಗುಟ್ಟಿನ ಕೀ ಇರುತ್ತೆ. ಅದು ಫೋನ್ ಬಿಟ್ಟು ಆಚೆ ಬರೋದೇ ಇಲ್ಲ. ಒಳಗೆ ಹೋಗಬೇಕು ಅಂದಾಗ ನಮ್ಮ ಸರ್ವರ್ ಒಂದು ಪ್ರಶ್ನೆ ಕಳಿಸುತ್ತೆ, ಫೋನ್ ಆ ಕೀಯಿಂದ ಸಹಿ ಮಾಡಿ ಉತ್ತರ ಕೊಡುತ್ತೆ. ಸಹಿ ಮಾಡೋ ಮುಂಚೆ ಯಜಮಾನರ ಬೆರಳು ಕೇಳುತ್ತೆ. ಬೆರಳು ಹಿಡಿಯದಿದ್ರೆ ಫೋನಿನ ಲಾಕ್ ನಂಬರ್. ನೆನಪಿಟ್ಟುಕೊಳ್ಳೋಕೆ ಏನೂ ಇಲ್ಲ, ಬಾಯಿಬಿಟ್ಟು ಹೇಳೋಕೂ ಏನೂ ಇಲ್ಲ. ಸುಳ್ಳು ಲಿಂಕ್ ಕಳಿಸಿ ಮೋಸ ಮಾಡೋಣ ಅಂದ್ರೂ ಆಗಲ್ಲ. ವಿಳಾಸ ನಮ್ಮದಲ್ಲ ಅಂತ ಫೋನೇ ಸುಮ್ಮನಾಗುತ್ತೆ."

"ದೂರದಲ್ಲಿ ಕೂತು ಯಾರೂ ಒಳಗೆ ಹೋಗಕ್ಕಾಗಲ್ಲ."

"ಸಾಧ್ಯವೇ ಇಲ್ಲ. ಆ ಫೋನ್ ಕೈಯಲ್ಲೇ ಇರಬೇಕು." ಅವನು ಒಂದು ಸಾಲಿನ ಮೇಲೆ ಬೆರಳಿಟ್ಟ. ಭಾನುವಾರ ಸಂಜೆ ಆರೂ ನಲವತ್ತು. ಶೋಳಿಂಗನಲ್ಲೂರಿನ ಮೌನಳ ಮನೆಯ ವೈಫೈ. "ಉಳಿದ ಸಲವೆಲ್ಲ ಏನಾದ್ರೂ ಬರೆದಿದಾರೆ, ಇಲ್ಲಿ ಓದಿ ಮುಚ್ಚಿದಾರೆ ಅಷ್ಟೇ. ನನಗೂ ನಂಬಕ್ಕಾಗ್ತಿಲ್ಲ ಮೇಡಂ. ಆದರೆ ಇದು ಅವರ ಫೋನೇ."

ವರುಣ್ ತಾನಾಗಿಯೇ ತನ್ನ ಫೋನು, ಲ್ಯಾಪ್‌ಟಾಪ್ ಒಪ್ಪಿಸಿದ. ಆ ಭಾನುವಾರ ಅವನು ಮದುವೆಗೆಂದು ಊರಿಗೆ ಹೋಗಿದ್ದ. ಛತ್ರದ ಫೋಟೋಗಳೂ ರೈಲಿನ ಟಿಕೆಟ್ಟೂ ಅದನ್ನೇ ಹೇಳಿದವು.

ಆಸ್ಪತ್ರೆಯಲ್ಲಿ ಶ್ರೀಪ್ರಿಯಾಗೆ ಎಚ್ಚರವಾಗಿತ್ತು. ಮುಖದ ಅರ್ಧ ಬ್ಯಾಂಡೇಜು. ರಂಜನಿ ಹಾಸಿಗೆಯ ಪಕ್ಕ ಕುಳಿತು ನಿಧಾನವಾಗಿ ಕೇಳಿದಳು.

"ಬೆಳಿಗ್ಗೆ ಹಾಲಿಗೆ ನೀನೇ ಹೋಗ್ತೀಯ ಅಂತ ಯಾರಿಗೆ ಗೊತ್ತಿತ್ತು?"

"ಮನೆಯೊಳಗಿನವರ ಬಿಟ್ರೆ ಮೌನ ಅಕ್ಕನಿಗೆ ಮಾತ್ರ." ಮಾತು ಬಿಡಿಬಿಡಿಯಾಗಿ ಬರುತ್ತಿತ್ತು. "ಎರಡು ತಿಂಗಳು ಗೇಟಿಂದ ಆಚೆ ಕಾಲಿಟ್ಟಿರಲಿಲ್ಲ. ಹೋದ ವಾರ ಅಕ್ಕನೇ ಹೇಳಿದ್ರು, ಮಗು ಕೈ ಹಿಡ್ಕೊಂಡು ಬೂತಿನ ತನಕ ಹೋಗಿ ಬಾ, ಭಯ ಹೋಗುತ್ತೆ ಅಂತ. ಅವರ ಮಾತು ನಂಬಿ ಹೋದೆ."

"ಅವಳು ಹೊರಗೆ ನಿಂತಿದಾಳೆ. ನಿನ್ನ ನೋಡಬೇಕಂತೆ."

ಶ್ರೀಪ್ರಿಯಾ ಉಳಿದ ಒಂದು ಕಣ್ಣನ್ನು ಮುಚ್ಚಿಕೊಂಡಳು. "ಬೇಡ ಅನ್ನಿ ಮೇಡಂ. ಅವನು ಹೊಡೆದಿದ್ದು ಹೊಸದಲ್ಲ. ಅಕ್ಕ ಹೀಗೆ ಮಾಡ್ತಾರೆ ಅಂತ ಮಾತ್ರ ಗೊತ್ತಿರಲಿಲ್ಲ."

ವಾರ್ಡಿನ ಹೊರಗೆ ಬೆಂಚಿನ ತುದಿಯಲ್ಲಿ ಮೌನ ಕುಳಿತಿದ್ದಳು. ಮೂವತ್ತರ ಆಸುಪಾಸು, ಎಣ್ಣೆಗಪ್ಪು ಮೈ, ಎರಡು ದಿನದಿಂದ ಬಾಚದ ತಲೆ. ವರುಣ್ ಕಂಡದ್ದು ತಿಳಿದು ನಿಳಲ್ ಅವಳನ್ನು ಅಮಾನತಿನಲ್ಲಿಟ್ಟಿತ್ತು. ಒಳಗಿನ ಮಾತು ಕಿವಿಗೆ ಬಿದ್ದಿತ್ತೆಂದು ಅವಳ ಮುಖವೇ ಹೇಳುತ್ತಿತ್ತು. ರಂಜನಿಯನ್ನು ಕಂಡು ಎದ್ದು ನಿಂತಳು.

"ಠಾಣೆಗೆ ಹೋಗೋಣ" ಎಂದಳು ರಂಜನಿ.

ವಿಚಾರಣೆ ಒಂದು ಗಂಟೆ ನಡೆಯಿತು.

"ಭಾನುವಾರ ಸಂಜೆ ಎಲ್ಲಿದ್ದಿರಿ?"

"ಅಪಾರ್ಟ್‌ಮೆಂಟಿನ ಕೆಳಗೆ. ಭಾನುವಾರ ಅಲ್ಲಿನ ಹೆಣ್ಣುಮಕ್ಕಳಿಗೆ ಕರಾಟೆ ಹೇಳ್ಕೊಡ್ತೀನಿ."

"ಫೋನ್?"

"ಮೇಲೆ ಚಾರ್ಜಿಗೆ ಹಾಕಿದ್ದೆ."

"ಲಾಕ್ ನಂಬರ್ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ ಮೇಡಂ. ಆ ಫೋನಲ್ಲಿ ಎಷ್ಟು ಜನರ ಜೀವ ಇದೆ ಅಂತ ನನಗೆ ಗೊತ್ತು."

"ಮನೇಲಿ ಯಾರಿದಾರೆ?"

"ಚಿಕ್ಕಮ್ಮ ಒಬ್ಬರೇ. ಅಮ್ಮ ಹೋದ್ಮೇಲೆ ನನ್ನ ಸಾಕಿದ್ದು ಅವರೇ. ಕೃಷ್ಣರಾಜನಗರದಿಂದ ನಾನೇ ಕರ್ಕೊಂಡು ಬಂದೆ. ಅವರಿಗೆ ಇಂಗ್ಲಿಷೂ ಬರಲ್ಲ, ತಮಿಳೂ ಬರಲ್ಲ."

"ಹಾಗಾದ್ರೆ ನಿಮ್ಮ ಫೋನು ತಾನೇ ತಾನಾಗಿ ಒಳಗೆ ಹೋಯ್ತಾ?"

"ನಂಗೊತ್ತಿಲ್ಲ" ಎಂದು ಮೌನ ಅತ್ತಳು. "ಆ ಮಗೂಗೆ ಅಕ್ಷರ ಬರೆಸಿದ್ದು ನಾನು. ನಾನ್ಯಾಕೆ ಮಾಡ್ತೀನಿ?"

ಅಪರಾಧಿಗಳೂ ಹೀಗೇ ಅಳುವುದನ್ನು ರಂಜನಿ ಸಾಕಷ್ಟು ನೋಡಿದ್ದಳು. ಅಳುವನ್ನು ಪಕ್ಕಕ್ಕಿಟ್ಟು ತಂಗವೇಲುವನ್ನು ಶೋಳಿಂಗನಲ್ಲೂರಿಗೆ ಕಳಿಸಿದಳು. ಸಂಜೆ ಅವನು ಅಪಾರ್ಟ್‌ಮೆಂಟಿನ ಕ್ಯಾಮೆರಾ ದೃಶ್ಯಗಳೊಂದಿಗೆ ಬಂದ. ಮೌನ ಬಿಳಿ ಉಡುಪಿನಲ್ಲಿ ಲಿಫ್ಟಿನಿಂದ ಇಳಿದದ್ದು ಆರಕ್ಕೆ. ಏಳರ ತನಕ ಅಂಗಳ ಬಿಟ್ಟು ಕದಲಿಲ್ಲ. ಕೈಯಲ್ಲಿ ಫೋನಿಲ್ಲ, ಆ ಉಡುಪಿಗೆ ಜೇಬೂ ಇಲ್ಲ.

ರಂಜನಿ ವರುಣ್‌ಗೆ ಫೋನ್ ಮಾಡಿದಳು. "ಫೋನ್ ಬೆರಳು ನೋಡುತ್ತೆ ಅಂದ್ರಲ್ಲ. ಆ ಬೆರಳಿನ ಗುರುತು ನಿಮ್ಮ ಸರ್ವರ್‌ಗೆ ಬರುತ್ತಾ?"

"ಇಲ್ಲ ಮೇಡಂ. ಬೆರಳಚ್ಚು ಫೋನಲ್ಲೇ ಇರುತ್ತೆ, ಆಚೆ ಕಳಿಸೋದು ತಪ್ಪು. ನಮಗೆ ಬರೋದು, ನೋಡಿದೆ, ಸರಿಯಾಗಿದೆ ಅನ್ನೋ ಮಾತಷ್ಟೇ."

"ಯಾರ ಬೆರಳು ಅಂತ ನಿಮಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ" ಎಂದ ವರುಣ್. "ಆ ಫೋನ್ ಒಪ್ಪೋ ಯಾವ ಬೆರಳಾದ್ರೂ ನಮಗೆ ಮೌನಾನೇ."

ಶುಕ್ರವಾರ ಬೆಳಿಗ್ಗೆ ಇಬ್ಬರು ಪಂಚರ ಎದುರು ಮೌನಳ ಫೋನನ್ನು ಮೇಜಿನ ಮೇಲಿಡಲಾಯಿತು. ಅವಳೇ ಲಾಕ್ ತೆರೆದು, ರಂಜನಿ ಹೇಳಿದಂತೆ ಬೆರಳಚ್ಚುಗಳ ಪುಟಕ್ಕೆ ಹೋದಳು. ಅಲ್ಲಿ ಮೂರು ಸಾಲುಗಳಿದ್ದವು. ಫೋನು ಗುರುತು ಹಿಡಿದ ಬೆರಳು ತಾಗಿದರೆ ಅದಕ್ಕೆ ಸೇರಿದ ಸಾಲು ಒಂದು ಕ್ಷಣ ಹೊಳೆಯುತ್ತದೆ. ಮೌನಳ ಬಲ ಹೆಬ್ಬೆರಳಿಗೆ ಮೊದಲನೆಯದು ಹೊಳೆಯಿತು. ಎಡ ತೋರುಬೆರಳಿಗೆ ಎರಡನೆಯದು. ಉಳಿದ ಎಂಟು ಬೆರಳನ್ನೂ ಒಂದೊಂದಾಗಿ ಇಟ್ಟರು. ಮೂರನೆಯ ಸಾಲು ಹೊಳೆಯಲೇ ಇಲ್ಲ.

"ಇದು ಯಾರದು?"

ಮೌನ ಪರದೆಯನ್ನೇ ನೋಡುತ್ತಿದ್ದಳು. ಅವಳ ಮುಖದ ಬಣ್ಣ ಇಳಿಯುತ್ತಾ ಹೋದದ್ದನ್ನು ಎಳಿಲರಸಿಯೂ ಗಮನಿಸಿದಳು. ಕೊನೆಗೆ ಮೌನ ಫೋನನ್ನು ಮೆಲ್ಲಗೆ ಬೋರಲು ಹಾಕಿದಳು.

"ನಾನೇ ಮಾಡಿದ್ದು ಮೇಡಂ. ಬರ್ಕೊಳ್ಳಿ. ನಾನೇ ಅವನಿಗೆ ವಿಳಾಸ ಕೊಟ್ಟೆ."

ಎಳಿಲರಸಿ ಪೆನ್ನು ಎತ್ತಿಕೊಂಡಳು. ರಂಜನಿ ಬೇಡವೆಂದು ಕೈ ತೋರಿಸಿದಳು.

"ನಿನ್ನೆಯಿಂದ ಇಲ್ಲ ಇಲ್ಲ ಅಂತ ಅತ್ತವಳು, ಈಗ ಹೌದು ಅಂತಿದೀಯ. ಯಾರನ್ನ ಉಳಿಸಕ್ಕೆ?"

"ಯಾರನ್ನೂ ಇಲ್ಲ."

"ನಿಮ್ಮ ಚಿಕ್ಕಮ್ಮನ ಬೆರಳು ಫೋನಿಗೆ ಹಾಕಿದ್ದು ಯಾವಾಗ?"

ಮೌನ ಬೋರಲಾದ ಫೋನಿನ ಮೇಲೆ ಕೈ ಇಟ್ಟಳು. ಹೊರಗೆ ತಂಗವೇಲು ಯಾರಿಗೋ ಟೀ ಹೇಳುತ್ತಿದ್ದ.

"ಹೋದ ವರ್ಷ ಟೈಫಾಯ್ಡ್ ಆಗಿ ಮಲಗಿದ್ದೆ" ಎಂದಳು ಕಡೆಗೆ. "ಔಷಧಿ ಅಂಗಡಿಗೆ, ಡಾಕ್ಟ್ರಿಗೆ ಫೋನ್ ಮಾಡಕ್ಕೆ ಚಿಕ್ಕಮ್ಮನಿಗೆ ಲಾಕ್ ತೆಗೆಯೋದು ಬರ್ತಿರಲಿಲ್ಲ, ನಂಬರ್ ಹೇಳಿದ್ರೆ ಮರೆತುಹೋಗೋದು. ಅದಕ್ಕೆ ಬೆರಳು ಹಾಕ್ಸಿದೆ. ಆಮೇಲೆ ಮರೆತೇಬಿಟ್ಟೆ. ಆಗ ಆ್ಯಪ್‌ಗೆ ಪಾಸ್‌ವರ್ಡ್ ಇತ್ತು ಮೇಡಂ. ಅದನ್ನ ತೆಗೆದಾಗ ಇದು ನೆನಪಿಗೇ ಬರಲಿಲ್ಲ."

"ಇಂಗ್ಲಿಷ್ ಬರಲ್ಲ ಅಂದೆ."

"ಆ್ಯಪ್ ಇಂಗ್ಲಿಷಲ್ಲಿದೆ. ಆದರೆ ಶ್ರೀಪ್ರಿಯಾ ಕನ್ನಡದವಳು. ಅವಳ ಹೆಸರೂ, ಅವಳ ಬಗ್ಗೆ ನಾನು ಬರೆಯೋದೆಲ್ಲಾ ಕನ್ನಡದಲ್ಲೇ." ಅಷ್ಟು ಹೇಳಿ ಮೌನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಡೇರಿ ಹತ್ತಿರದ ಮಾಧವರಂ ಮನೆ ಅಂತ ಬರೆದಿದ್ದೆ. ಬೆಳಿಗ್ಗೆ ಮಗಳ ಜೊತೆ ಹಾಲಿನ ಬೂತಿಗೆ ಹೋಗುವ ಧೈರ್ಯ ಮಾಡಿದ್ದಾಳೆ, ತುಂಬ ಸಂತೋಷವಾಯಿತು ಅಂತ ಬರೆದಿದ್ದೆ."

ಮಧ್ಯಾಹ್ನ ಶೋಳಿಂಗನಲ್ಲೂರಿನ ಮನೆಯ ಬಾಗಿಲು ತೆರೆದವರು ಅರವತ್ತು ದಾಟಿದ ಹೆಂಗಸು, ಕಮಲಾಕ್ಷಮ್ಮ. ಗಿಡ್ಡ ಮೈಕಟ್ಟು, ಎಡಗೈ ಮೊಣಕೈಯಲ್ಲಿ ಸ್ವಲ್ಪ ಸೊಟ್ಟ. ಪೊಲೀಸರ ಹಿಂದೆ ನಿಂತಿದ್ದ ಮೌನಳನ್ನು ನೋಡಿ, "ಎಲ್ಲೋಗಿದ್ದೆ ಮಗ, ಬೆಳಿಗ್ಗೆಯಿಂದ ಹೊಟ್ಟೆಗೇನಾರ ತಿಂದ್ಯಾ?" ಎಂದರು. ಮೌನ ಒಳಗೆ ಬರದೆ ಬಾಗಿಲಲ್ಲೇ ಉಳಿದಳು.

ಬರುವಾಗ ಕೆಳಗಿನ ಕಾವಲುಗಾರನಿಗೆ ತಂಗವೇಲು ಹರಿದಾಸನ ಫೋಟೋ ತೋರಿಸಿದ್ದ. ಅವನಿಗೆ ಗುರುತು ಹತ್ತಲು ತಡವಾಗಲಿಲ್ಲ. ಕ್ಯಾಬಿನಲ್ಲಿ ಬರುವವನು, ಕನ್ನಡದ ಅಮ್ಮನ ಮನೆಗೆ ಬಂದು ಊಟ ಮಾಡಿ ಹೋಗುವವನು, ಅಮ್ಮನ ಊರಿನವನಂತೆ, ಮೇಡಂ ಆಫೀಸಿಗೆ ಹೋದಮೇಲೇ ಬರುವುದು.

ರಂಜನಿ ಚಾಪೆಯ ಮೇಲೆ ಅವರ ಎದುರು ಕುಳಿತಳು.

"ಅಮ್ಮಾ, ಹರಿದಾಸನಿಗೆ ಎಷ್ಟು ಸಲ ಊಟ ಹಾಕಿದ್ರಿ?"

ಕಮಲಾಕ್ಷಮ್ಮ ಬೆಚ್ಚಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ಸೆರಗು ಸರಿಮಾಡಿಕೊಂಡರು.

"ಮೂರ್ನಾಕು ಸಲ ಕಣವ್ವ. ಇಲ್ಲಿ ಕೆಳ್ಗಡೆ ಭಜನೆಗೆ ಬಂದಿದ್ದ. ನಮ್ಮ ಕಡೆ ಮಾತಾಡ್ದ. ಮಗೀನ ಕಳ್ಕಂಡಿವ್ನಿ ಅಂತ ಅಳೋನು."

"ಮೌನ ಕೆಲಸ ಮಾಡೋ ಜಾಗ ಗೊತ್ತಿದ್ದೇ ಬಂದಿದ್ದ, ಅಲ್ವಾ?"

"ಗೊತ್ತಿತ್ತು. ಇವ್ಳು ಒಂದ್ಸಲ ಗಂಡ ಹೆಂಡ್ತಿ ಇಬ್ರನ್ನೂ ಕೂರ್ಸಿ ಮಾತಾಡ್ಸಿದ್ಳಂತೆ. ಹಿಂದೇನೇ ಬಂದು ಮನೆ ನೋಡ್ಕಂಡಿದ್ದನಂತೆ. ಅದನ್ನೂ ಅವ್ನೇ ಹೇಳ್ದ. ಸುಳ್ಳೇಳ್ಲಿಲ್ಲ."

"ವಿಳಾಸ ಹೇಗೆ ಸಿಕ್ತು?"

"ಈ ಮಗ ದಿನಾ ಸಂಜೆ ಊಟದ ಮೇಜಲ್ಲಿ ಕೂತ್ಕಂಡು ಬರ್ಯೋಳು. ಫೋನಲ್ಲಿ ನಿಳಲ್ಲಿನ ಕೊಡೆ ಚಿತ್ರ ಒತ್ತೋದು, ಬೆರಳಿಡೋದು, ಹೆಸ್ರು ಮುಟ್ಟೋದು. ಎಷ್ಟು ದಿನದಿಂದ ನೋಡಿಲ್ವಾ ನಾನು? ಭಾನ್ವಾರ ಇವ್ಳು ಕೆಳೀಕ್ಕೋದಾಗ ಓದ್ಕಂಡೆ, ಸೋಮ್ವಾರ ಊಟಕ್ ಬಂದಾಗ ಅವನ್ಗೆ ಹೇಳ್ದೆ."

ಪಂಚರ ಎದುರು ಫೋನಿನ ಪುಟವನ್ನು ಮತ್ತೆ ತೆರೆಯಲಾಯಿತು. ಬೆರಳಿಡಲು ಒಪ್ಪಿಗೆಯೇ ಎಂದು ರಂಜನಿ ಕೇಳಿದಳು. ಕಮಲಾಕ್ಷಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಇಟ್ಟರು. ಮೂರನೆಯ ಸಾಲು ಹೊಳೆಯಿತು. ತಂಗವೇಲು ಸಮಯ ಬರೆದುಕೊಂಡ. ಪಂಚರು ಸಹಿ ಮಾಡಿದರು.

ಆಗ ಮೌನ ಒಳಗೆ ಬಂದಳು.

"ಅವಳ ಕಣ್ಣು ಹೋಯ್ತು ಚಿಕ್ಕಮ್ಮ."

"ಹೊಡೀತಾನೆ ಅಂತ ನಂಗೇನು ಗೊತ್ತಿತ್ತು ಮಗ? ಕಾಲು ಹಿಡ್ಕಂಡು ಕರ್ಕೊಂಡ್ಬತ್ತೀನಿ ಅಂತ ದೇವ್ರ ಮುಂದೆ ಆಣೆ ಇಟ್ಟಿದ್ದ."

"ಹೊಡೆಯೋರು ಆಣೆ ಇಡಲ್ವಾ? ನಿಮಗೆ ಗೊತ್ತಿರಲಿಲ್ವಾ? ನಿಮಗೆ?" ಮೌನಳ ಧ್ವನಿ ಒಡೆಯಿತು. ಚಿಕ್ಕಮ್ಮನ ಸೊಟ್ಟ ಮೊಣಕೈ ತೋರಿಸಿದಳು. "ಚಿಕ್ಕಪ್ಪ ಅದನ್ನ ಮುರಿದಾಗ ನಾನು ಏಳನೇ ಕ್ಲಾಸು. ಒಲೆ ಹಿಂದೆ ಅವಿತುಕೊಂಡಿದ್ದೆ. ಬಿಡಿಸಕ್ಕೆ ಒಬ್ಬರೂ ಬರಲಿಲ್ಲ. ಅವತ್ತೇ ಅಂದ್ಕೊಂಡೆ, ದೊಡ್ಡವಳಾದ್ಮೇಲೆ ನಾನು ಬರ್ತೀನಿ ಅಂತ. ನಾನು ಈ ಕೆಲಸಕ್ಕೆ ಸೇರಿದ್ದೇ ನಿಮ್ಮನ್ನ ನೋಡಿ."

ಕಮಲಾಕ್ಷಮ್ಮ ಎದ್ದು ಅವಳ ಕೈ ಹಿಡಿಯಲು ಹೋದರು. ಮೌನ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು.

ಅಪರಾಹ್ನ ಮೂರಕ್ಕೆ ಬಂಧನವಾಯಿತು. ಕಾರಣಗಳನ್ನು ರಂಜನಿ ಕನ್ನಡದಲ್ಲೇ ಓದಿ ಹೇಳಿದಳು. ಎಳಿಲರಸಿ ಕಮಲಾಕ್ಷಮ್ಮನ ಪಕ್ಕ ನಡೆದು, ಜೀಪು ಹತ್ತಲು ಕೈ ಕೊಟ್ಟಳು. ಅಂಗಳದಲ್ಲಿ ನಿಂತಿದ್ದವರ ನಡುವೆ ಹಾದು ಹೋಗುವಾಗಲೂ ಅವರು ತಲೆ ತಗ್ಗಿಸಲಿಲ್ಲ.

ನ್ಯಾಯಾಲಯ ಪೊಲೀಸ್ ವಶಕ್ಕೆ ಕೊಟ್ಟಿದ್ದ ಹರಿದಾಸನನ್ನು ಠಾಣೆಯಲ್ಲಿ ಮತ್ತೆ ಕರೆಸಲಾಯಿತು. ಬೆಂಚಿನ ಮೇಲೆ ಕುಳಿತಿದ್ದ ಕಮಲಾಕ್ಷಮ್ಮನನ್ನು ಕಂಡು ಅವನು ಮುಖ ತಿರುಗಿಸಿದ. ಆಮೇಲೆ ಕೇಳದಿದ್ದುದನ್ನೂ ಸೇರಿಸಿ ಎಲ್ಲವನ್ನೂ ಹೇಳಿದ. ವಿಳಾಸ ಸಿಕ್ಕಿದ ಸಂಜೆಯೇ ಕೊಕ್ಕೆಯನ್ನು ಕ್ಯಾಬಿನ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದನಂತೆ. ಮುದುಕಿಗೆ ಏನು ಹೇಳಿದರೂ ನಂಬುತ್ತಿದ್ದಳು ಎಂದ. ಈ ಸಲ ಅವನ ಬಾಯಲ್ಲಿ 'ಅವರು' ಇರಲಿಲ್ಲ, 'ತಾಯಿ'ಯೂ ಇರಲಿಲ್ಲ.

ಕಮಲಾಕ್ಷಮ್ಮನಿಗೆ ಅದು ಕೇಳಿಸಿತು. ಅಲ್ಲಿಯವರೆಗೆ ನೆಟ್ಟಗೆ ಕುಳಿತಿದ್ದವರು ಗೋಡೆಗೆ ತಲೆ ಆನಿಸಿದರು. ರಂಜನಿ ಅವರಿಗೆ ಕಾಫಿ ತರಿಸಿಕೊಟ್ಟು, ಕುಡಿದು ಮುಗಿಸುವ ತನಕ ಕಾದಳು.

"ಅವನ ಮೇಲಿನ ಕನಿಕರಕ್ಕೇ ಮಾಡಿದ್ರಾ ಅಮ್ಮಾ?"

"ಕನಿಕ್ರನೂ ಇತ್ತು." ಅವರು ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಇದ್ದರು. "ನಮ್ಮೆಜಮಾನ್ರೂ ಹೊಡೀತಿದ್ರು ಕಣವ್ವ. ಸಾಯಗಂಟ ಹೊಡುದ್ರು. ಒಂದಿನಾನೂ ನಾನು ಹೊಸ್ಲು ದಾಟ್ಲಿಲ್ಲ. ಕಡೇಗೆ ಲಕ್ವ ಹೊಡ್ದು ಮಲಗ್ದಾಗ ನನ್ನ ಕೈನೇ ಹಿಡ್ಕಂಡು ಕಣ್ಣೀರಾಕುದ್ರು. ಆಗ ಅಂದ್ಕಂಡೆ, ಇದ್ದಿದ್ದು ಸರಿಯಾಯ್ತು, ನನ್ನ ಬಾಳಿಗೂ ಒಂದು ಬೆಲೆ ಬಂತು ಅಂತ. ಇಲ್ಲಿಗ್ ಬಂದ್ಮೇಲೆ ಈ ಮಗ ದಿನಾ ಹೇಳೋಳು. ಇವತ್ತು ಇಂಥೋಳು ಬುಟ್ಟು ಬಂದ್ಲು, ಅಂಥೋಳು ಈಗ ನಗ್ತಾವ್ಳೆ, ಕೆಲ್ಸಕ್ಕೋಯ್ತಾವ್ಳೆ ಅಂತ. ಒಳ್ಳೇದಾಯ್ತು ಬುಡು ಅನ್ನೋಳು ನಾನೂ. ಆದ್ರೆ ಕೇಳ್ತಾ ಕೇಳ್ತಾ ರಾತ್ರಿ ನಿದ್ದೇನೇ ಬರ್ತಿರ್ಲಿಲ್ಲ. ಒಬ್ಳಾದ್ರೂ ವಾಪಸ್ ಹೋಗ್ಲಿ, ಹೋಗಿ ಚೆನ್ನಾಗಿರ್ಲಿ ಅನ್ಸೋದು. ಅವ್ರೆಲ್ಲಾ ಬುಟ್ಟು ಬಂದಿದ್ದೇ ಸರಿ ಅಂತಾದ್ರೆ, ನಾನು ಇದ್ದಿದ್ದು ಯಾತಕ್ಕವ್ವಾ?"

ಹೇಳಿಕೆಯನ್ನು ತಮಿಳಿನಲ್ಲಿ ಬರೆಯಬೇಕಿತ್ತು. ರಂಜನಿ ಸಾಲುಸಾಲಾಗಿ ತಿರುಗಿಸಿ ಬರೆಸುತ್ತ ಬಂದವಳು, ಆ ಕೊನೆಯ ಪ್ರಶ್ನೆಗೆ ಬಂದು ನಿಂತಳು. ಎಳಿಲರಸಿ ಪೆನ್ನು ಹಿಡಿದು ಕಾಯುತ್ತಿದ್ದಳು. ಕೊನೆಗೆ ರಂಜನಿ ಪೆನ್ನು ತೆಗೆದುಕೊಂಡು ಅದೊಂದು ಸಾಲನ್ನು ಇದ್ದ ಹಾಗೇ ಕನ್ನಡದಲ್ಲಿ ಬರೆದಳು. ಕಮಲಾಕ್ಷಮ್ಮ ಅದರ ಕೆಳಗೆ ನಿಧಾನವಾಗಿ ಸಹಿ ಹಾಕಿದರು.

ನ್ಯಾಯಾಲಯಕ್ಕೆ ಹೊರಡುವ ಹೊತ್ತಿಗೆ ಮೌನ ಠಾಣೆಗೆ ಬಂದಳು. ಒಂದು ಚೀಲದಲ್ಲಿ ಎರಡು ಸೀರೆ, ಬಿ.ಪಿ. ಮಾತ್ರೆಗಳು, ಒಂದು ಕಂಬಳಿ. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಎಳಿಲರಸಿಗೆ ತಮಿಳಿನಲ್ಲಿ ವಿವರಿಸಿದಳು. ಒಳಗಿನ ಬೆಂಚಿನಿಂದ, "ಮಗ" ಎಂದು ಕರೆದದ್ದು ಎಲ್ಲರಿಗೂ ಕೇಳಿಸಿತು. ಮೌನ ಆ ಕಡೆ ನೋಡಲಿಲ್ಲ. ಚೀಲವನ್ನು ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು, ಶ್ರೀಪ್ರಿಯಾ ಇರುವ ಆಸ್ಪತ್ರೆಗೆ ಈ ಹೊತ್ತಿನಲ್ಲಿ ಬಸ್ಸಿದೆಯೇ ಎಂದು ತಂಗವೇಲುವನ್ನು ಕೇಳಿದಳು.